“ನಿಮ್ಮದು ಮೈನಾರಿಟಿ ಶಾಲೆ, ನಿಮಗ್ಯಾವ ರೂಲ್ಸ್ ಮೇಡಂ?”

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ದಾಖಲಾತಿಯ ಗಲಾಟೆ. ಪಾಂಡವಪುರದ ಕಡೆಯ ಒಬ್ಬ ತಂದೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನ ಮೇಜಿನ ಮೇಲೆ ಆಧಾರ್ ಕಾರ್ಡು, ಜನನ ಪ್ರಮಾಣಪತ್ರ ಎಲ್ಲ ಹರಡಿ ಕೇಳಿದರು: “ಅಲ್ಲ ಮೇಡಮ್ಮೋರೆ, ನಿಮ್ಮದು ಮೈನಾರಿಟಿ ಶಾಲೆ ಅಂತಾರೆ. ನಿಮಗೆ ಸರ್ಕಾರದ ರೂಲ್ಸೇ ಇಲ್ವಂತೆ. ಅದಕ್ಕೇ ಆರ್‌ಟಿಇ ಸೀಟೂ ಕೊಡಲ್ವಂತೆ. ಹೌದಾ?” ಅವರು ಜಗಳಕ್ಕೆ ಬಂದವರಲ್ಲ. ಊರಲ್ಲಿ ಯಾರೋ ಹೇಳಿದ್ದನ್ನು ನಿಜವೋ ಸುಳ್ಳೋ ಅಂತ ತಿಳಿದುಕೊಳ್ಳಲು ಕೇಳಿದರು, ಅಷ್ಟೆ.

ಇದೇ ಪ್ರಶ್ನೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ವರಾಂಡದಲ್ಲಿ ಕೇಳಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ನನಗೆ ಕಳವಳವಾಗುವುದು ನಮ್ಮವರೇ ಕೇಳಿದಾಗ. ನಾನು ಮಂಡ್ಯದಲ್ಲಿ 14 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ, ಆಮೇಲೆ ಮೈಸೂರಿನ ಒಂದು ಕಥೋಲಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಈಗ ಹೊಸದಾಗಿ ಶಾಲೆ ವಹಿಸಿಕೊಂಡವರಿಗೆ ಕಾಗದಪತ್ರ, ಕಾನೂನಿನ ವಿಷಯದಲ್ಲಿ ಜೊತೆಯಾಗುತ್ತೇನೆ. ವರ್ಗವಾಗಿ ಬಂದ ಸಿಸ್ಟರ್, ಮೊನ್ನೆಯಷ್ಟೇ ಕರೆಸ್ಪಾಂಡೆಂಟ್ (ಆಡಳಿತ ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುವವರು) ಆದ ಫಾದರ್ ಯಾವುದೋ ಸುತ್ತೋಲೆ ಕೈಯಲ್ಲಿ ಹಿಡಿದು, “ಇದು ನಮಗೆ ಅನ್ವಯಿಸಲ್ಲ ಅಲ್ವಾ?” ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಚಿಕ್ಕದು: ಅನ್ವಯಿಸುತ್ತದೆ. ಆರ್‌ಟಿಇ, ಅಂದರೆ ಶಿಕ್ಷಣದ ಹಕ್ಕು ಅನ್ನುವ ಒಂದು ಕಾಯ್ದೆಯ ಮಟ್ಟಿಗೆ ನಮಗೆ ವಿನಾಯಿತಿ ಇದೆ, ಅದೂ ಈಗ ಮರುಪರಿಶೀಲನೆಯ ಹೊಸ್ತಿಲಲ್ಲಿದೆ. ಮಿಕ್ಕ ಬಹುಪಾಲು ಕಾನೂನು ನಮ್ಮ ಗೇಟಿನ ಒಳಗೂ ಇದೆ.

ಸಂವಿಧಾನದ 30(1)ನೇ ವಿಧಿ ಹೇಳುವುದು ಇಷ್ಟು: ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಕಟ್ಟಬಹುದು, ನಡೆಸಬಹುದು. ಧರ್ಮ ಮಾತ್ರವಲ್ಲ, ಭಾಷೆಯೂ ಸೇರಿದೆ ಎನ್ನುವುದನ್ನು ಜನ ಮರೆಯುತ್ತಾರೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಆದರೆ ಆಡಳಿತದ ಹಕ್ಕಿಗೆ ಬೇಲಿ ಹಾಕಿದ್ದು ಅದಕ್ಕೂ ಬಹಳ ಮುಂಚೆ, 1958ರಲ್ಲಿ, ಕೇರಳ ಶಿಕ್ಷಣ ಮಸೂದೆಯ ವಿಚಾರ ಬಂದಾಗ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಮಾತು ಇಂದಿಗೂ ಎಲ್ಲ ತೀರ್ಪುಗಳಿಗೆ ಅಡಿಗಲ್ಲು: ಆಡಳಿತ ನಡೆಸುವ ಹಕ್ಕಿನೊಳಗೆ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲ. ಹೊಸಬರಿಗೆ ನಾನು ಮೊದಲು ಇದನ್ನೇ ಬಾಯಿಪಾಠ ಮಾಡಿಸುತ್ತೇನೆ.

ಆ ತಂದೆ ಕೇಳಿದ ಸೀಟಿನ ವಿಷಯ. ಆರ್‌ಟಿಇ 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಖಾಸಗಿ ಶಾಲೆಯ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸೀಟು ದುರ್ಬಲ ವರ್ಗದ, ಅವಕಾಶವಂಚಿತ ಮಕ್ಕಳಿಗೆ ಮೀಸಲು. 2012ರಲ್ಲಿ ಸುಪ್ರೀಂ ಕೋರ್ಟು ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳನ್ನು ಇದರಿಂದ ಹೊರಗಿಟ್ಟಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಐವರ ಪೀಠ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳನ್ನೂ ಹೊರಗಿಟ್ಟಿತು. (ಅದೇ ದಿನ ಅದೇ ಪೀಠ ನಮ್ಮ ರಾಜ್ಯ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದೂ ತೀರ್ಪು ಕೊಟ್ಟಿತ್ತು. ಕನ್ನಡದವಳಾಗಿ ಆ ಎರಡನೆಯ ತೀರ್ಪು ನನಗೆ ಇವತ್ತಿಗೂ ನೋವು.) ಇನ್ನು ಕರ್ನಾಟಕದಲ್ಲಿ 2019ರಲ್ಲಿ ನಿಯಮವೇ ಬದಲಾಯಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆರ್‌ಟಿಇ ಸೀಟು ಹಂಚುವುದಿಲ್ಲ. ಹಾಗಾಗಿ ಸೀಟು ಸಿಗದೆ ಹೋದದ್ದಕ್ಕೆ ಕಾನ್ವೆಂಟೊಂದೇ ಕಾರಣವಲ್ಲ. ಇದನ್ನೆಲ್ಲ ಆ ತಂದೆಗೆ ಹೇಳಿದೆ. ಹೇಳಿ ಸುಮ್ಮನಾಗಲಿಲ್ಲ. ಕಾನೂನು ಬಿಟ್ಟರೂ ಬಡಮಕ್ಕಳನ್ನು ನಾವು ಬಿಡುವ ಹಾಗಿಲ್ಲ. ಈ ಶಾಲೆಗಳು ಹುಟ್ಟಿದ್ದೇ ಅದಕ್ಕೆ. ಶುಲ್ಕ ರಿಯಾಯಿತಿಯ ಅರ್ಜಿ ಕೊಟ್ಟೆ. ಮಗು ಸೇರಿತು.

ನಮ್ಮ ವಿನಾಯಿತಿ ಮರುಪರಿಶೀಲನೆಯ ಹೊಸ್ತಿಲಲ್ಲಿದೆ ಅಂದೆನಲ್ಲ, ಅದಕ್ಕೆ ಕಾರಣ 2025ರ ಸೆಪ್ಟೆಂಬರ್ 1ರ ತೀರ್ಪು. ಆರ್‌ಟಿಇ ಅಡಿಯ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಸೇವೆಯಲ್ಲಿರುವ ಶಿಕ್ಷಕರಿಗೂ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರಿಗೆ ಪಾಸಾಗಲು ಎರಡು ವರ್ಷದ ಗಡುವು. ಐದಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಸಿಗದು. ಅಲ್ಪಸಂಖ್ಯಾತ ಶಾಲೆಗಳ ಮಾತು ಬಂದಾಗ ಆ ಪೀಠ 2014ರ ತೀರ್ಪು ಸರಿಯೇ ಎಂಬ ಅನುಮಾನವನ್ನು ಬಾಯಿಬಿಟ್ಟೇ ಹೇಳಿ, ದೊಡ್ಡ ಪೀಠ ನೋಡಲಿ ಎಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅಲ್ಲಿಯವರೆಗೆ ನಮ್ಮ ಶಾಲೆಗಳಿಗೆ ಆರ್‌ಟಿಇ ಕಾಯ್ದೆಯಿಂದ ಬಿಡುವು. ನಾನು ಆಡಳಿತ ಮಂಡಳಿಗಳಿಗೆ ಹೇಳುವುದು: ಆ ಬಿಡುವನ್ನು ನೆಚ್ಚಿಕೊಂಡು ಕೂರಬೇಡಿ. ಇನ್ನು ಮುಂದಿನ ನೇಮಕಾತಿಗೆಲ್ಲ ಟಿಇಟಿ ಆದವರನ್ನೇ ತೆಗೆದುಕೊಳ್ಳಿ, ಇರುವವರಿಗೆ ರಜೆ ಕೊಟ್ಟು ಪರೀಕ್ಷೆ ಬರೆಸಿ. ಒಳ್ಳೆಯ ಮೇಷ್ಟ್ರಿಗಾಗಿ ಕೋರ್ಟು ಹೇಳಲಿ ಅಂತ ಕಾಯಬೇಕೆ?

ಈಗ ಮನಸ್ಸು ಬಿಚ್ಚಿ ಹೇಳಲೇಬೇಕಾದ ವಿಷಯ, ಮಕ್ಕಳ ರಕ್ಷಣೆ.

ಒಂದು ಶಾಲೆ, ಹೆಸರು, ಊರು ಬೇಡ. ಆರನೇ ತರಗತಿಯ ಹುಡುಗಿ ವ್ಯಾನಿನ ಡ್ರೈವರ್ ಬಗ್ಗೆ ಕ್ಲಾಸ್ ಟೀಚರ್ ಹತ್ತಿರ ಹೇಳಿಕೊಂಡಳು. ಟೀಚರ್ ಅವತ್ತೇ ಮುಖ್ಯಸ್ಥರಿಗೆ ತಿಳಿಸಿದರು. ಮುಖ್ಯಸ್ಥರು ಕೆಟ್ಟವರಲ್ಲ, ಭಯಸ್ಥರು. “ಮೊದಲು ಮೇನೇಜ್‌ಮೆಂಟ್‌ಗೆ ಬರೆಯೋಣ, ಅವರು ಏನು ಹೇಳ್ತಾರೋ ನೋಡೋಣ” ಅಂದರು. ಮೇನೇಜ್‌ಮೆಂಟಿನ ಸಭೆ ಸೇರಿದ್ದು ಹನ್ನೊಂದು ದಿನ ಕಳೆದ ಮೇಲೆ. ಆಮೇಲೆ ನನ್ನನ್ನು ಕರೆಸಿದಾಗ ನಾನು ಹಾಜರಿ ಪುಸ್ತಕ ತರಿಸಿ ನೋಡಿದೆ. ಹನ್ನೊಂದು ದಿನದಲ್ಲಿ ಒಂಬತ್ತು ದಿನ ಆ ಮಗುವಿನ ಹೆಸರಿನ ಮುಂದೆ ಹಾಜರಿ ಬಿದ್ದಿತ್ತು. ಅಂದರೆ ಒಂಬತ್ತು ದಿನ ಅದೇ ವ್ಯಾನು ಹತ್ತಿ ಬಂದಿದ್ದಳು. ಆ ನೀಲಿ ಇಂಕಿನ ಗೆರೆಗಳನ್ನು ಎಣಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಲ್ಲಿ ಎರಡು ಮಾತಿಗೆ ಎಡೆಯಿಲ್ಲ. ಇಂಥ ಅಪರಾಧ ನಡೆದಿದೆಯೆಂದು ಗೊತ್ತಾದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ಕರೆಸ್ಪಾಂಡೆಂಟ್ ಅನುಮತಿ, ಮದರ್ ಸುಪೀರಿಯರ್ (ಕಾನ್ವೆಂಟಿನ ಮುಖ್ಯಸ್ಥೆ) ಒಪ್ಪಿಗೆ, ನಮ್ಮದೇ ವಿಚಾರಣೆ, ಯಾವುದಕ್ಕೂ ಕಾಯುವಂತಿಲ್ಲ. ಕೈಕೆಳಗಿನವರು ಮಾಡಿದ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಧರ್ಮಸಭೆಯೂ, ಅಂದರೆ ಚರ್ಚೂ, ಇದಕ್ಕೆ ಅಡ್ಡ ಬರುವುದಿಲ್ಲ. ಪಾದ್ರಿಗಳು, ಸನ್ಯಾಸಿನಿಯರು ಇಂಥ ಸಂಗತಿಯನ್ನು ಮೇಲಿನವರಿಗೆ ವರದಿ ಮಾಡಲೇಬೇಕೆಂದು ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ವಿಧಿಸಿದರು, 2023ರಲ್ಲಿ ಅದನ್ನು ಕಾಯಂ ಮಾಡಿದರು. ಆ ನಿಯಮದಲ್ಲೇ ಇದೆ: ಇದರಿಂದ ಆಯಾ ದೇಶದ ಕಾನೂನಿನ ಹೊಣೆ ತಪ್ಪುವುದಿಲ್ಲ. ಪೊಲೀಸ್ ಠಾಣೆಯ ನಂಬರು, ಮಕ್ಕಳ ಸಹಾಯವಾಣಿ 1098, ಇವೆರಡನ್ನೂ ಸ್ಟಾಫ್ ರೂಮಿನ ಗೋಡೆಗೆ ದೊಡ್ಡಕ್ಷರದಲ್ಲಿ ಹಾಕಿಸಿ.

ಹೊಡೆತದ ವಿಷಯವೂ ಅಷ್ಟೆ. “ಆರ್‌ಟಿಇ ನಮಗಿಲ್ಲ, ಅಂದ ಮೇಲೆ ಅದರಲ್ಲಿರುವ ದೈಹಿಕ ಶಿಕ್ಷೆಯ ನಿಷೇಧವೂ ಇಲ್ಲ” ಎಂದು ವಾದ ಹೂಡಿದವರೊಬ್ಬರನ್ನು ಕಂಡಿದ್ದೇನೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವಾಗ ಯಾವ ಧರ್ಮದ ಶಾಲೆ ಎಂದು ಕೇಳುವುದಿಲ್ಲ.

ಹಣಕಾಸಿನಲ್ಲಿ ಎರಡೇ ಮಾತು. ಅನುದಾನಿತ ಶಾಲೆಯಲ್ಲಿ ಸಂಬಳ ಪಡೆಯುವ ಫಾದರ್, ಸಿಸ್ಟರುಗಳ ಸಂಬಳದಲ್ಲೂ ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಹಿಡಿಯಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ದುಡ್ಡು ಮಠದ ಖಾತೆಗೆ ಹೋಗುತ್ತದೆಂಬ ವಾದ ನಿಲ್ಲಲಿಲ್ಲ. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಯಿಟಿ (ಸೇವೆ ಮುಗಿದಾಗ ಕೊಡುವ ಇಡಿಗಂಟು) ಸಲ್ಲಬೇಕೆಂಬುದು 2022ರಲ್ಲಿ ಇತ್ಯರ್ಥವಾಗಿದೆ. ಮೂವತ್ತು ವರ್ಷ ದುಡಿದ ಟೀಚರನ್ನು ಶಾಲು ಹೊದಿಸಿ ಕಳಿಸಿಬಿಟ್ಟರೆ ಆಗಲಿಲ್ಲ.

ಧರ್ಮದ ಪ್ರಶ್ನೆಯನ್ನು ಪೋಷಕರು ಮೆಲ್ಲಗೆ ಕೇಳುತ್ತಾರೆ: “ನಮ್ಮ ಮಕ್ಕಳಿಗೂ ಬೈಬಲ್ ಓದಿಸ್ತೀರಾ?” ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿ. ನಮ್ಮಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಅದೇ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ. 2024ರ ಏಪ್ರಿಲ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಅನ್ಯಧರ್ಮದ ಮಕ್ಕಳ ಮೇಲೆ ನಮ್ಮ ಸಂಪ್ರದಾಯ ಹೇರಬಾರದು, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನ ಪೀಠಿಕೆ ಓದಿಸಬೇಕು, ಅದನ್ನು ಪ್ರವೇಶದ್ವಾರದಲ್ಲಿ ಹಾಕಬೇಕು ಎಂದಿದೆ. ನಮ್ಮ ರಾಜ್ಯ ಸರ್ಕಾರ ಪೀಠಿಕೆ ಓದಿಸುವ ತೀರ್ಮಾನವನ್ನು 2023ರಲ್ಲೇ ಮಾಡಿತ್ತು. ಪಾಂಡವಪುರದ ಆ ಹುಡುಗಿ ಒಂದು ಸೋಮವಾರ ಮೈಕಿನ ಮುಂದೆ ನಿಂತು ‘ಪ್ರಜಾಸತ್ತಾತ್ಮಕ’ದಲ್ಲಿ ಎಡವಿ, ಉಸಿರು ತೆಗೆದುಕೊಂಡು, ಮತ್ತೆ ಮೊದಲಿಂದ ಓದಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟೆಲ್ಲ ಕಾನೂನು ಶಾಲೆಯೊಳಗೆ ಉಳಿಯುವುದು ಎಲ್ಲಿ? ಆಡಳಿತ ಮಂಡಳಿಯ ಸಭೆಗಳ ನಿರ್ಣಯ ಬರೆದಿಡುವ ನಡಾವಳಿ ಪುಸ್ತಕದಲ್ಲಿ.

ನಮ್ಮ ಮೈಸೂರು ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ವ್ಯಾಪ್ತಿಯ ಪ್ರದೇಶ) ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ನಾಲ್ಕು ಜಿಲ್ಲೆಗೆ ಹರಡಿದೆ. ಕೆಲವು ಶಾಲೆ ಧರ್ಮಕ್ಷೇತ್ರದ್ದು, ಕೆಲವು ಸನ್ಯಾಸಿನಿಯರ ಸಂಘಗಳದ್ದು. ಈ ಸಂಘಗಳ ಶಾಲೆಯ ಮೇಲೂ ನಿಗಾ ಇಡುವ, ಭೇಟಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರಿಗೆ ಇದೆ ಎನ್ನುತ್ತದೆ 1983ರ ಧರ್ಮಸಭಾ ಕಾನೂನಿನ 806ನೇ ನಿಯಮ. ಆದರೆ ಶಿಕ್ಷಣ ಇಲಾಖೆಯ ಮುಂದೆ, ನ್ಯಾಯಾಲಯದ ಮುಂದೆ ನಿಲ್ಲುವುದು ನೋಂದಾಯಿತ ಸೊಸೈಟಿ ಅಥವಾ ಟ್ರಸ್ಟು, ಅದರ ಆಡಳಿತ ಮಂಡಳಿ. ಆ ಮಂಡಳಿ ಕೂತು ಬರೆದದ್ದು ಮಾತ್ರ ನಿರ್ಣಯ. ಫೋನಿನಲ್ಲಿ ಹೇಳಿದ್ದು, ಊಟದ ಮೇಜಿನಲ್ಲಿ ಒಪ್ಪಿದ್ದು ನಿರ್ಣಯವಲ್ಲ.

ನಾನು ನೋಡಿದ ಎಷ್ಟೋ ಕೆಂಪು ರಟ್ಟಿನ ಪುಸ್ತಕಗಳಲ್ಲಿ ‘ಸಭೆಯು ಪ್ರಾರ್ಥನೆಯೊಂದಿಗೆ ಆರಂಭವಾಯಿತು’, ‘ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು’ ಎರಡೇ ಸಾಲು, ಕೆಳಗೆ ಸಹಿ. ಅಂಥದ್ದೇ ಒಂದು ಶಾಲೆ ಒಬ್ಬ ಶಿಕ್ಷಕರನ್ನು ಬಾಯಿಮಾತಿನಲ್ಲೇ ಕೆಲಸದಿಂದ ತೆಗೆಯಿತು. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮದ 92ನೇ ಕಲಮಿನ ಪ್ರಕಾರ ದೋಷಾರೋಪ ಪಟ್ಟಿ, ವಿಚಾರಣೆ, ಅಹವಾಲಿಗೆ ಅವಕಾಶ ಇಲ್ಲದೆ ಯಾರನ್ನೂ ವಜಾ ಮಾಡುವಂತಿಲ್ಲ. ಆ ಶಿಕ್ಷಕರು ಜಿಲ್ಲಾ ನ್ಯಾಯಾಧೀಶರು ಕೂರುವ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. ಅಲ್ಲಿ ಶಾಲೆಯ ಕಡೆಯಿಂದ ತೋರಿಸಲು ಒಂದು ಹಾಳೆಯೂ ಇರಲಿಲ್ಲ. ಶಿಕ್ಷಕರ ತಪ್ಪು ನಿಜವಾಗಿಯೂ ಇತ್ತು. ಆದರೂ ಶಾಲೆ ಸೋತಿತು, ಸೋಲಬೇಕಾಗಿತ್ತು.

ಸಿಸ್ಟರುಗಳು ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಗೊತ್ತಿದ್ದದ್ದೆಲ್ಲ ಅವರ ಜೊತೆ ಬಸ್ ಹತ್ತಿ ಹೋಗುತ್ತದೆ. ಅದಕ್ಕೆ ಚಾರ್ಜ್ ಕೊಡುವಾಗ ಬೀರುವಿನ ಬೀಗದ ಕೈಗಿಂತ ಮೊದಲು ನಡಾವಳಿ ಪುಸ್ತಕ ಕೊಡಿ, ಇಬ್ಬರೂ ಕೂತು ಓದಿ ಎಂದು ನಾನು ಹಟ ಹಿಡಿಯುತ್ತೇನೆ. ಕಳೆದ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಒಂದು ಶಾಲೆಯಲ್ಲಿ ಹಾಗೇ ಮಾಡಿದೆವು. ಹೋಗುವ ಸಿಸ್ಟರ್ ಓದುತ್ತಾ ಹೋದರು, ಬರುವ ಸಿಸ್ಟರ್ ಗುರುತು ಹಾಕಿಕೊಳ್ಳುತ್ತಾ ಹೋದರು. ಎರಡು ಗಂಟೆ ಹಿಡಿಯಿತು, ತಂದಿಟ್ಟ ಕಾಫಿ ಆರಿಹೋಯಿತು. 47ನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಕಟ್ಟಡ ಸುರಕ್ಷತಾ ಪ್ರಮಾಣಪತ್ರದ ಅವಧಿ ಆಗಸ್ಟಿಗೆ ಮುಗಿಯುತ್ತದೆ. ಹೊಸ ಸಿಸ್ಟರ್ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿ, ಜುಲೈ ಮೊದಲ ವಾರದ ಮನೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು.