ಶ್ರೀಲಂಕಾದ 2022

ನೆರೆಯ ದೇಶಗಳ ಇತ್ತೀಚಿನ ಇತಿಹಾಸವನ್ನು ಆಸಕ್ತಿಯಿಂದ ಓದುವ ನನ್ನನ್ನು ಶ್ರೀಲಂಕಾದ 2022ರಷ್ಟು ಕಾಡಿದ ವರ್ಷ ಮತ್ತೊಂದಿಲ್ಲ. ಮಾರ್ಚ್‌ನಲ್ಲಿ, ಕಾಗದ ತರಿಸಿಕೊಳ್ಳಲು ಡಾಲರ್ ಇಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋದವು. ಅದೇ ತಿಂಗಳು, ಇಂಧನಕ್ಕಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದ ವೃದ್ಧರು ಕುಸಿದು ಪ್ರಾಣ ಬಿಟ್ಟರು. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. 2019ರ ತೆರಿಗೆ ಕಡಿತ, ಕೋವಿಡ್‌ನಿಂದ ನೆಲಕಚ್ಚಿದ ಪ್ರವಾಸೋದ್ಯಮ, ರಾಸಾಯನಿಕ ಗೊಬ್ಬರಕ್ಕೆ 2021ರಲ್ಲಿ ಹೇರಿದ ದಿಢೀರ್ ನಿಷೇಧ, ಇವೆಲ್ಲವೂ ಆ ದಿವಾಳಿಗೆ ದಾರಿ ಮಾಡಿದ್ದವು. ನನ್ನ ಮಟ್ಟಿಗೆ ಗೊಬ್ಬರದ ನಿರ್ಧಾರವೇ ಅತ್ಯಂತ ಕ್ರೂರವಾದದ್ದು, ಏಕೆಂದರೆ ಅದರ ಬೆಲೆಯನ್ನು ಮೊದಲು ತೆತ್ತವನು ಭತ್ತದ ರೈತ.

ಕೊಲಂಬೊದ ಗಾಲ್ ಫೇಸ್ ಕಡಲತೀರದಲ್ಲಿ ತಿಂಗಳುಗಟ್ಟಲೆ ಡೇರೆ ಹಾಕಿ ಕುಳಿತ ಪ್ರತಿಭಟನಕಾರರು ಅಲ್ಲಿಯೇ ಒಂದು ಗ್ರಂಥಾಲಯವನ್ನೂ ನಡೆಸಿದರು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಜುಲೈ 9ರಂದು ಜನಸಾಗರ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದಾಗ ಈಜುಕೊಳಕ್ಕೆ ಧುಮುಕಿದ ಯುವಕರ ಚಿತ್ರವೇ ಜಗತ್ತನ್ನೆಲ್ಲ ಸುತ್ತಿತು. ಆದರೆ ಒಳಗೆ ಸಿಕ್ಕ ಸುಮಾರು 1 ಕೋಟಿ 78 ಲಕ್ಷ ರೂಪಾಯಿ ನಗದನ್ನು ಅವರು ಎಣಿಸಿ ಪೊಲೀಸರಿಗೆ ಒಪ್ಪಿಸಿದ್ದನ್ನು ನೆನಪಿಟ್ಟವರು ಕಡಿಮೆ. ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ತೊರೆದರು, ರಾಜೀನಾಮೆ ನೀಡಿದರು. ಜುಲೈ 20ರಂದು ಸಂಸತ್ತು ರನಿಲ್ ವಿಕ್ರಮಸಿಂಘೆ ಅವರನ್ನು ಹೊಸ ಅಧ್ಯಕ್ಷರನ್ನಾಗಿ ಆರಿಸಿತು.

ಬಿಕ್ಕಟ್ಟಿನಿಂದಾಗಿಯೇ ತವರಿನ ಕೈತಪ್ಪಿ ಯುಎಇಗೆ ಹೋದ ಏಷ್ಯಾ ಕಪ್ಪನ್ನು ಶ್ರೀಲಂಕಾ ತಂಡ ಸೆಪ್ಟೆಂಬರ್ 11ರಂದು ಗೆದ್ದಿತು. ಫೈನಲ್‌ನಲ್ಲಿ 58 ರನ್ನಿಗೆ 5 ವಿಕೆಟ್ ಬಿದ್ದ ಮೇಲೂ ಭಾನುಕ ರಾಜಪಕ್ಸ ಔಟಾಗದೆ 71 ರನ್ ಹೊಡೆದು ನಿಂತರು. ಆ ಗೆಲುವಿಗೆ ನಾನೂ ಮನಸಾರೆ ಸಂತೋಷಪಟ್ಟೆ, ಆದರೆ ಅದೇ ತಿಂಗಳು ಕೊಲಂಬೊದ ಹಣದುಬ್ಬರ ಶೇಕಡ 70ರ ಸಮೀಪದಲ್ಲಿತ್ತು.