ಕರ್ಕ್‌ನ ಗೋರಿಕಲ್ಲಿನ ಲೆಕ್ಕ

ಬಾಹ್ಯಾಕಾಶ ಯಾನದ ಅಮೆರಿಕನ್ ಟಿವಿ ಸರಣಿ, ಹಳೆಯ 'ಸ್ಟಾರ್ ಟ್ರೆಕ್'ನ ಎರಡನೇ ಪೈಲಟ್ (ಪ್ರಾಯೋಗಿಕ ಕಂತು) 'ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್'. ಅದರ ಕೊನೆಯ ಭಾಗದಲ್ಲಿ ಗ್ಯಾರಿ ಮಿಚೆಲ್ ಎಂಬ ಪಾತ್ರ ತನ್ನ ಕ್ಯಾಪ್ಟನ್ ಕರ್ಕ್ ಬದುಕಿರುವಾಗಲೇ ಅವನಿಗೆ ಗೋರಿ ತೋಡಿ ಕಲ್ಲು ನೆಡುತ್ತಾನೆ. ವಿಡಿಯೋ ನಿಲ್ಲಿಸಿ ಓದಿ: ಜೇಮ್ಸ್ ಆರ್. ಕರ್ಕ್, 1277.1ರಿಂದ 1313.7. ಈ ಅಂಕಿಗಳು 'ಸ್ಟಾರ್‌ಡೇಟ್', ಅಂದರೆ ಸರಣಿಯ ಕಾಲ್ಪನಿಕ ದಿನಾಂಕ. ಮುಂದೆ ಅವನು ಜೇಮ್ಸ್ ಟಿ. ಆಗಿಬಿಟ್ಟ. ಆ ಇನಿಷಿಯಲ್ ತಪ್ಪನ್ನು ಎಲ್ಲರೂ ಎತ್ತಿ ಆಡುತ್ತಾರೆ, ಆದರೆ ನಿಜವಾದ ತಮಾಷೆ ಇರುವುದು ಅಂಕಿಗಳಲ್ಲಿ.

ಕಳೆದು ನೋಡಿದರೆ 36.6. ವರ್ಷ ಅಂದುಕೊಂಡರೆ ಸರಿಹೋಗುತ್ತದೆ. 'ದಿ ಡೆಡ್ಲಿ ಇಯರ್ಸ್' ಕಂತಿನಲ್ಲಿ ಕರ್ಕ್ ತನಗೆ 34 ಎನ್ನುತ್ತಾನೆ. ಆದರೆ ಚಿತ್ರಕಥೆ ಬರೆಯುವವರಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ 1313.5 ಅಂದರೆ ಒಂದು ದಿನದ ಮಧ್ಯಾಹ್ನ 12 ಗಂಟೆ, 1314.5 ಅಂದರೆ ಮರುದಿನದ ಮಧ್ಯಾಹ್ನ. ಪೂರ್ಣಾಂಕ ಒಂದು ಏರಿದರೆ ಒಂದು ದಿನ, ದಶಮಾಂಶ ಒಂದು ಏರಿದರೆ 2 ಗಂಟೆ 24 ನಿಮಿಷ. ಈ ಲೆಕ್ಕದಲ್ಲಿ ಆ ಕಲ್ಲಿನಡಿ ಮಲಗಬೇಕಾದದ್ದು ಐದು ವಾರದ ಕೂಸು!

ಸ್ಟಾರ್‌ಡೇಟ್ ತಂದದ್ದೇ ಕಾಲವನ್ನು ಮರೆಮಾಡುವುದಕ್ಕೆ. ಕಥೆ ಯಾವ ಶತಮಾನದ್ದು ಎಂದು ಹೇಳುವುದು ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಗೆ ಬೇಕಿರಲಿಲ್ಲ. ಹಾಗಾಗಿ ಕೈಪಿಡಿಯ ಸೂಚನೆ ಸರಳ: ಯಾವುದಾದರೂ ನಾಲ್ಕು ಅಂಕಿ ಆರಿಸಿ, ಮುಂದೆ ಒಂದು ದಶಮಾಂಶ ಹಾಕಿ; ನಿಮ್ಮ ಕಂತಿನೊಳಗೆ ಕ್ರಮವಾಗಿ ಏರಿದರೆ ಸಾಕು, ಬೇರೆ ಕಂತುಗಳ ಗೊಡವೆ ಬೇಡ. ಪರಿಣಾಮ ಏನಾಯಿತು? ಪೈಲಟ್‌ನ 1312.4ರಿಂದ 'ಆಲ್ ಅವರ್ ಯೆಸ್ಟರ್‌ಡೇಸ್'ನ 5943.7ರವರೆಗೆ 4,631 ದಿನ, ಹನ್ನೆರಡೂವರೆ ವರ್ಷಕ್ಕೂ ಹೆಚ್ಚು. ಕರ್ಕ್‌ನ ಬಾಹ್ಯಾಕಾಶ ಹಡಗು ಹೊರಟದ್ದು ಐದು ವರ್ಷದ ಯಾತ್ರೆಗೆ. ಸಾಲದ್ದಕ್ಕೆ, ಅದರ ಮುಂದಿನ ಹಾಗೂ ಕಟ್ಟಕಡೆಯ ಕಂತಿನಲ್ಲಿ ಸ್ಟಾರ್‌ಡೇಟ್ 5928.5ಕ್ಕೆ ಇಳಿಯುತ್ತದೆ. ಹಡಗಿನ ವೇಗಕ್ಕೆ ತಕ್ಕಂತೆ ಕಾಲ ಹೊಂದಿಕೊಳ್ಳುತ್ತದೆ ಎಂಬ ಸಮಜಾಯಿಷಿ ಆಮೇಲೆ ಹಾಕಿದ ತೇಪೆ.

ನನ್ನ ಪ್ರಕಾರ ಸ್ಟಾರ್‌ಡೇಟ್ ಜಾಣ ಉಪಾಯವೇ. ಅದನ್ನು ಕೆಡಿಸಿದ್ದು ಸಂಭಾಷಣೆ. 1967ರ ಐದೇ ವಾರಗಳನ್ನು ನೋಡಿ. ಜನವರಿ 12ರ 'ದಿ ಸ್ಕ್ವೈರ್ ಆಫ್ ಗೋಥೋಸ್'ನಲ್ಲಿ ದೂರದ ಗ್ರಹದ ಅನ್ಯಜೀವಿ ಟ್ರಲೇನ್ ನೋಡುತ್ತಿರುವುದು 900 ವರ್ಷ ಹಿಂದಿನ ಭೂಮಿಯನ್ನು, ಅದರಲ್ಲಿ ಅಮೆರಿಕದ ನಾಯಕ ಹ್ಯಾಮಿಲ್ಟನ್ ಸತ್ತ 1804ರ ದ್ವಂದ್ವಯುದ್ಧವೂ ಇದೆ. ಅಂದರೆ ಕಥೆ 2704ರ ಆಸುಪಾಸು. ಜನವರಿ 26ರ 'ಟುಮಾರೋ ಈಸ್ ಯೆಸ್ಟರ್‌ಡೇ'ಯಲ್ಲಿ ಹಡಗು ಹಿಂದಿನ ಕಾಲಕ್ಕೆ ಜಾರಿದಾಗ, 1960ರ ದಶಕದ ಸೇನಾಧಿಕಾರಿಯೊಬ್ಬ 200 ವರ್ಷ ಕೂಡಿಹಾಕುತ್ತೇನೆ ಎಂದು ಗದರಿದರೆ, ಕರ್ಕ್ ಅದು ಸರಿಸುಮಾರು ಸರಿಹೋಗುತ್ತದೆ ಎನ್ನುತ್ತಾನೆ: 2160ರ ದಶಕ. ಫೆಬ್ರವರಿ 16ರ 'ಸ್ಪೇಸ್ ಸೀಡ್'ನಲ್ಲಿ 1990ರ ದಶಕದಲ್ಲಿ ಭೂಮಿ ಬಿಟ್ಟ ಖಳನಾಯಕ ಖಾನ್ ಎರಡು ಶತಮಾನ ಮಲಗಿ ಎದ್ದಿದ್ದಾನೆ: 2190ರ ದಶಕ. ಒಂದೊಂದೂ ಆಯಾ ದೃಶ್ಯದ ಮಟ್ಟಿಗೆ ಚೆನ್ನಾಗಿದೆ. ಕೂಡಿಸಿದರೆ ಐದು ಶತಮಾನದ ಅಂತರ.

ಹಡಗು ಯಾವ ಸಂಸ್ಥೆಯದು ಎಂಬ ಹೆಸರಿನದೂ ಇದೇ ಪಾಡು. ಜನವರಿ 19ರ 'ಅರೀನಾ'ದಲ್ಲಿ 'ಫೆಡರೇಷನ್' ಬಂತು, ಮುಂದಿನ ವಾರವೇ ಕರ್ಕ್ ತಾನು ಯುನೈಟೆಡ್ ಅರ್ಥ್ ಸ್ಪೇಸ್ ಪ್ರೋಬ್ ಏಜೆನ್ಸಿಯವನು ಎಂದ.

1982ರ ಖಾನ್ ಸಿನಿಮಾ 23ನೇ ಶತಮಾನ ಎಂದು ಆರಂಭದಲ್ಲೇ ಬರೆದು ತೋರಿಸಿತು. 1988ರಲ್ಲಿ ಮುಂದಿನ ಸರಣಿ 'ನೆಕ್ಸ್ಟ್ ಜನರೇಷನ್'ನ ಡೇಟಾ ಎಂಬ ಪಾತ್ರ 2364 ಎಂದು ಇಸವಿಯನ್ನೇ ಹೇಳಿಬಿಟ್ಟ. ಆ ಸರಣಿಯಲ್ಲಿ ಒಂದು ಸೀಸನ್‌ಗೆ ಸ್ಟಾರ್‌ಡೇಟ್‌ನ 1000 ಅಂಕ. ಸೀಸನ್ ಅಂದರೆ ಒಂದು ವರ್ಷ ಎಂದು ಹಿಡಿದರೆ ಒಂದು ಅಂಕಕ್ಕೆ ಸುಮಾರು 8 ಮುಕ್ಕಾಲು ಗಂಟೆ. ಹಳೆಯ 24 ಗಂಟೆಯ ಲೆಕ್ಕ ಅಲ್ಲಿಗೆ ಸತ್ತಿತು. 1993ರಲ್ಲಿ 'ಸ್ಟಾರ್ ಟ್ರೆಕ್' ಕಥೆಗಳ ಕಾಲಾನುಕ್ರಮಣಿಕೆ ಮಾಡಿದ ಒಕುಡಾ ದಂಪತಿ, ಪ್ರಸಾರದ ಇಸವಿಗೆ 300 ಕೂಡಿಸಿದರು: 1966 ಅಂದರೆ 2266. ಖಾನ್‌ನ ಎರಡು ಶತಮಾನದ ನಿದ್ದೆ ಹೀಗೆ 270 ವರ್ಷಕ್ಕೆ ಹಿಗ್ಗಿತು.

ನೀವೇ ಪಟ್ಟಿ ಮಾಡುವುದಾದರೆ ಚಿತ್ರೀಕರಣದ ಕ್ರಮ, ಪ್ರಸಾರದ ದಿನಾಂಕ, ಸ್ಟಾರ್‌ಡೇಟ್ ಈ ಮೂರಕ್ಕೂ ಬೇರೆ ಬೇರೆ ಕಾಲಂ ಹಾಕಿ, ಕಂತುಗಳನ್ನು ಚಿತ್ರೀಕರಣದ ಕ್ರಮದಲ್ಲೇ ಜೋಡಿಸಿ. ಸರಣಿ ಶುರುವಾದದ್ದು 1966ರ ಸೆಪ್ಟೆಂಬರ್ 8ಕ್ಕೆ. ಗೋರಿಕಲ್ಲಿನ ಕಂತು ಪ್ರಸಾರವಾದದ್ದು 22ಕ್ಕೆ, ಮೂರನೆಯದಾಗಿ. ಪ್ರಸಾರದ ಕ್ರಮ ಹಿಡಿದು ಹೊರಟರೆ ಎರಡು ವಾರ ಇದ್ದ ಡಾಕ್ಟರ್ ಮೆಕಾಯ್ ಮೂರನೇ ವಾರ ಮಾಯ, ಅವರ ಜಾಗದಲ್ಲಿ ಡಾಕ್ಟರ್ ಪೈಪರ್, ಎಲ್ಲರ ಮೈಮೇಲೂ ಹಳೆಯ ಸಮವಸ್ತ್ರ. ನಾಲ್ಕನೇ ವಾರ ಮೆಕಾಯ್ ಏನೂ ಆಗದವರಂತೆ ವಾಪಸ್.