ಕರೆಂಟ್ ಬಂದ್ರೆ ಮೇಲ್ ಹೋಗ್ತದೆ

"ಕರೆಂಟ್ ಹೋದಾಗ ಮೇಲ್ ಬರ್ತದೆ, ಕರೆಂಟ್ ಬಂದ್ರೆ ಹೋಗ್ತದೆ ಮಾರಾಯ."

ಆಗುಂಬೆ ದಾರಿಯಲ್ಲಿ ಹೋಂಸ್ಟೇ ನಡೆಸುವ ಅಕ್ಕ ತಮ್ಮ ಇಮೇಲ್ ಬಗ್ಗೆ ಸೋಮವಾರ ಹೇಳಿದ ಮಾತು. ಇದನ್ನೇ ಹೋಸ್ಟಿಂಗ್ ಕಂಪನಿಯ, ಅಂದರೆ ಅವರ ಮೇಲ್ ಬಂದು ಕೂರುವ ಸರ್ವರ್ ನಡೆಸುವವರ, ಸಹಾಯವಾಣಿಗೂ, ಬೆಂಗಳೂರಿನ ಮಗನಿಗೂ, ತೀರ್ಥಹಳ್ಳಿಯ ಮೊಬೈಲ್ ಅಂಗಡಿಯಲ್ಲೂ ಹೇಳಿದ್ದರಂತೆ. ಎಲ್ಲ ಕಡೆ ಒಂದೇ ಉತ್ತರ: ಮಳೆಗಾಲ ಅಲ್ವಾ, ನೆಟ್‌ವರ್ಕ್ ಪ್ರಾಬ್ಲಂ. ಅಷ್ಟರಲ್ಲಿ ಒಂದು ಕುಟುಂಬ ಎರಡು ದಿನ ಮೊದಲೇ ಬಂದು, ಸುರಿಯುವ ಮಳೆಯಲ್ಲಿ ಗೇಟಿನೆದುರು ಕಾರು ನಿಲ್ಲಿಸಿ, "ತಾರೀಖು ಬದಲಾಯ್ತು ಅಂತ ಮೇಲ್ ಮಾಡಿದ್ವಲ್ಲ" ಎಂದಿತ್ತು. ರೂಮು ಖಾಲಿ ಇರಲಿಲ್ಲ.

ಅಕ್ಕನ ಮಾತನ್ನು ಇದ್ದಹಾಗೇ ನಂಬಿ ಹುಡುಕಿದ್ದಕ್ಕೆ ಅರ್ಧ ಗಂಟೆಯಲ್ಲಿ ಕಾರಣ ಸಿಕ್ಕಿತು. ರೂಟರ್‌ಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ಫೋನಿಗೆ ವೈಫೈ ಸಿಗುತ್ತದೆ. ಬಿಲ್ಲಿಂಗ್ ಕಂಪ್ಯೂಟರ್‌ಗೆ ಬ್ಯಾಟರಿ ಇಲ್ಲ. ಕರೆಂಟ್ ಬಂದ ಕೂಡಲೇ ಕೆಲಸದ ಹುಡುಗ ಅದನ್ನು ಆನ್ ಮಾಡುತ್ತಾನೆ. ಯಾವಾಗಲೋ ಹಾಕಿಟ್ಟ ಮೇಲ್ ಪ್ರೋಗ್ರಾಮ್ ತಾನಾಗಿ ತೆರೆದುಕೊಳ್ಳುತ್ತದೆ. ಅದರ ಸೆಟ್ಟಿಂಗ್: ಪಾಪ್ (ಮೇಲ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ), ಪೋರ್ಟ್ ಅಂದರೆ ಸರ್ವರ್‌ನ ಬಾಗಿಲ ಸಂಖ್ಯೆ 995, 10 ನಿಮಿಷಕ್ಕೊಮ್ಮೆ ಚೆಕ್, ಸರ್ವರ್‌ನಲ್ಲಿ ಪ್ರತಿ ಉಳಿಸುವ ಚೌಕಕ್ಕೆ ಟಿಕ್ ಇಲ್ಲ. ಅಂದರೆ ಮೇಲ್ ಎಳೆದುಕೊಂಡು ಸರ್ವರ್‌ನಿಂದ ಅಳಿಸಿಬಿಡುತ್ತದೆ. ಫೋನಿನಲ್ಲಿರುವುದು ಐಮ್ಯಾಪ್ ಎಂಬ ಇನ್ನೊಂದು ವಿಧಾನ, ಪೋರ್ಟ್ 993. ಸರ್ವರ್‌ನಲ್ಲಿ ಇದ್ದದ್ದನ್ನಷ್ಟೇ ತೋರಿಸುತ್ತದೆ. ಅಲ್ಲಿ ಅಳಿದದ್ದು ಇಲ್ಲೂ ಅಳಿಯಿತು. ಕರೆಂಟ್ ಬಂದರೆ ಮೇಲ್ ಹೋಗ್ತದೆ. ಅಕ್ಷರಶಃ ಹಾಗೇ.

ನಮ್ಮ ಕಡೆ ಏನೇ ಕೆಟ್ಟರೂ ಮಳೆಯ ತಲೆಗೆ ಕಟ್ಟುವುದು ರೂಢಿ. ಮರ ಬೀಳುವುದು ನಿಜ, ಲೈನ್ ಹೋಗುವುದೂ ನಿಜ, ಅದಕ್ಕೇ ಅವುಗಳ ಮರೆಯಲ್ಲಿ ಬೇರೆ ತಪ್ಪುಗಳು ಆರಾಮಾಗಿ ಬಾಳುತ್ತವೆ. ಆದರೆ ನೆಟ್‌ವರ್ಕ್ ಕೆಟ್ಟರೆ ಮೇಲ್ ತಡವಾಗಿ ಬರುತ್ತದೆ, ಬಂದದ್ದು ಮಾಯವಾಗುವುದಿಲ್ಲ. ಸಹಾಯವಾಣಿಯವರಿಗೆ ಈ ವ್ಯತ್ಯಾಸ ಹೊಳೆಯಬೇಕಿತ್ತು. ಆ್ಯಪ್ ತೆಗೆದು ಮತ್ತೆ ಹಾಕಿ ಅಂದರಂತೆ. ಹೋಂಸ್ಟೇ ಹೆಂಗಸು ಕಂಪ್ಯೂಟರ್ ಬಗ್ಗೆ ಏನು ಹೇಳಿಯಾಳು ಎಂಬ ಧೋರಣೆ ಅದರಲ್ಲಿತ್ತು. ಗದ್ದೆಯಲ್ಲಿ ನೀರು ಎಲ್ಲಿ ಸೋರುತ್ತದೆಂದು ಅಂಚಿನ ಮೇಲೆ ನಿಂತು ಹೇಳುವವರು, ಮೇಲ್ ಎಲ್ಲಿ ಸೋರುತ್ತದೆಂದೂ ಹೇಳಿದ್ದರು.

ಮಗ ಒಳ್ಳೆಯವನೇ, ಒಂದು ಉಪಾಯವನ್ನೂ ಮಾಡಿದ್ದ: ಡೊಮೈನ್ ಮೇಲ್ ಅನ್ನು, ಅಂದರೆ ಹೋಂಸ್ಟೇಯ ಸ್ವಂತ ವೆಬ್ ಹೆಸರಿನ ವಿಳಾಸಕ್ಕೆ ಬಂದದ್ದನ್ನು, ಅಕ್ಕನ ಉಚಿತ ಮೇಲ್‌ಗೆ ಫಾರ್ವರ್ಡ್. ಅದು ಸ್ಪ್ಯಾಮ್‌ಗೆ ಹೋಗಿ ಬೀಳುತ್ತಿತ್ತು. ಒಂದು ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ಫಾರ್ವರ್ಡ್ ಆದದ್ದು ಹೋಸ್ಟಿಂಗ್ ಸರ್ವರ್‌ನಿಂದ ಬರುತ್ತದೆ, ಅದು ಕಳಿಸಿದವರ ಪಟ್ಟಿಯಲ್ಲಿಲ್ಲ. ಮೇಲ್ ಜೊತೆಗೇ ಬರುವ ಡಿಕೆಐಎಂ ಎಂಬ ಡಿಜಿಟಲ್ ಸಹಿ ಇದ್ದರೆ ಬಚಾವ್. ಸಣ್ಣ ಟ್ರಾವೆಲ್ಸ್‌ನವರಿಗೆ ಎಷ್ಟೋ ಸಲ ಅದೂ ಇರುವುದಿಲ್ಲ. ಸ್ಪ್ಯಾಮ್‌ನಲ್ಲಿ 30 ದಿನ ಕೊಳೆತದ್ದು ತಾನೇ ಅಳಿಯುತ್ತದೆ.

ರಿಪೇರಿಯಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ಪ್ರತಿ ಉಳಿಸುವ ಟಿಕ್. ಸೋರುವುದು ಅಲ್ಲಿಗೆ ನಿಂತಿತು. ಆಮೇಲೆ ಪ್ರೋಗ್ರಾಮ್ ಮುಚ್ಚಿ ಅದರ ಪೂರ್ತಿ ಫೋಲ್ಡರ್ ಪೆನ್‌ಡ್ರೈವ್‌ಗೆ. ಪಾಪ್ ಖಾತೆ ತೆಗೆಯುವ ಆತುರ ಬೇಡ: ಖಾತೆಯೊಂದಿಗೆ ಹಳೆಯ ಮೇಲ್‌ಗಳನ್ನೂ ಕಳೆದುಕೊಂಡವರಿದ್ದಾರೆ. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಇನ್ನೊಮ್ಮೆ ಸೇರಿಸಬೇಕು. ಒಳಬರುವ ಮೇಲ್‌ಗೆ ಪೋರ್ಟ್ 993, ಹೊರಹೋಗುವುದಕ್ಕೆ 465 ಅಥವಾ 587. ಯೂಸರ್‌ನೇಮ್ ಕೇಳಿದಲ್ಲಿ ಪೂರ್ತಿ ಇಮೇಲ್ ವಿಳಾಸ. ಬರೀ ಹೆಸರು ಹಾಕಿ ಪಾಸ್‌ವರ್ಡ್ ತಪ್ಪೆಂದು ಒದ್ದಾಡುವವರು ಬಹಳ. ಸರ್ವರ್‌ನಲ್ಲಿ ಜಾಗ ಎಷ್ಟಿದೆ ನೋಡಿಕೊಂಡು, ಹಳೆಯ ಮೇಲ್‌ಗಳನ್ನು 200ರಂತೆ ಐಮ್ಯಾಪ್ ಇನ್‌ಬಾಕ್ಸ್‌ಗೆ ಕಾಪಿ ಮಾಡಿ ಲೆಕ್ಕ ತಾಳೆ ನೋಡಿದ್ದಾಯಿತು. ಕಾಪಿ, ಮೂವ್ ಅಲ್ಲ. ನಡುವೆ ಲೈನ್ ಹೋದರೆ ಮೂವ್ ನಂಬುವಂಥದ್ದಲ್ಲ. ಫಾರ್ವರ್ಡ್ ತೆಗೆದು ಡೊಮೈನ್ ಮೇಲ್, ಉಚಿತ ಮೇಲ್ ಎರಡೂ ಖಾತೆ ಫೋನಿನಲ್ಲಿ ಬೇರೆಬೇರೆಯಾಗಿ ಕೂತವು.

ಕೊನೆಗೆ ಪರೀಕ್ಷೆ. ಮೂರನೇ ವಿಳಾಸದಿಂದ ಒಂದು ಮೇಲ್, ಕಂಪ್ಯೂಟರ್ ಆಫ್, ಫೋನಿನಲ್ಲಿ ಬಂತು. ಕಂಪ್ಯೂಟರ್ ಆನ್. ಅಕ್ಕ ಫೋನನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತ ಹತ್ತಲ್ಲ, ಇಪ್ಪತ್ತು ನಿಮಿಷ ಕೂತರು. ಮೇಲ್ ಅಲ್ಲೇ ಇತ್ತು.

ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಯಾರೂ ತೆರೆಯದ 37 ಮೇಲ್ ಸಿಕ್ಕವು. ತಾರೀಖು ಬದಲಾಯಿಸಿದ ಆ ಕುಟುಂಬದ್ದು ಮೇಲಿನಿಂದ ಒಂಬತ್ತನೆಯದು. ಅಕ್ಕ ಅದನ್ನು ಎರಡು ಸಲ ಓದಿ, ಬುಕಿಂಗ್ ಪುಸ್ತಕ ತೆಗೆದು ಅವರ ನಂಬರ್ ಹುಡುಕತೊಡಗಿದರು.